ಸೀಟು ಹಿಡಿಯುವ ಮೊದಲು ಮನೆಯ ಲೆಕ್ಕ

ದ್ವಿತೀಯ ಪಿಯು ಪರೀಕ್ಷೆ ಮುಗಿಯುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಮನೆಗಳಿಗೆ ಗುರುತಿಲ್ಲದ ನಂಬರುಗಳಿಂದ ಫೋನ್ ಬರತೊಡಗುತ್ತದೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಇನ್ನೂ ಕೆಲವೇ ಉಳಿದಿವೆ, ಈ ವಾರ ಅಡ್ವಾನ್ಸ್ ಕಟ್ಟಿದರೆ ಒಂದು ದರ, ಮುಂದಿನ ವಾರ ಇನ್ನೊಂದು ದರ. ಆ ಹೊತ್ತಿಗೆ ಸಿಇಟಿ ಬರೆದೂ ಆಗಿರುವುದಿಲ್ಲ. ಪಾಲಕರು ಕೇಳುವ ಪ್ರಶ್ನೆ ಪ್ರತಿ ವರ್ಷವೂ ಒಂದೇ: "ಈಗ ಕಟ್ಟಿಬಿಡೂದು ಚಲೋ ಏನ್ರಿ? ಆಮೇಲೆ ಸೀಟ್ ಹೋದ್ರ ಏನ್ ಮಾಡೂದು?"

ಹಣದ ಚಿಂತೆ ಇಲ್ಲದ ಮನೆಗೆ ಈ ಪ್ರಶ್ನೆ ಸುಲಭದ್ದು. ಕಾಲೇಜು ಮಗುವಿಗೆ ಹಿಡಿಸಿದ್ದರೆ ಕಟ್ಟಬಹುದು. ಹೆಚ್ಚೆಂದರೆ ಒಂದಿಷ್ಟು ದುಡ್ಡು ಜಾಸ್ತಿ ಹೋದೀತು. ಆದರೆ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಅಥವಾ ಬ್ಯಾಂಕಿನ ಸಾಲ ಇವುಗಳಲ್ಲಿ ಯಾವುದಾದರೊಂದಿಲ್ಲದೆ ನಾಲ್ಕು ವರ್ಷ ದಾಟಲಾಗದ ಮನೆಗೆ ಇದು ಬೇರೆಯೇ ಪ್ರಶ್ನೆ. ಎಷ್ಟು ನೆರವು ಸಿಗುತ್ತದೆ ಎಂದು ತಿಳಿಯುವ ಮೊದಲೇ ಮಾತು ಕೊಡಬೇಕೇ? ನನ್ನ ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ಬೇಡ. ಅದಕ್ಕೆ ಕಾರಣಗಳನ್ನು ಮೊದಲು ನೋಡೋಣ.

ಅವಸರ ಎಲ್ಲಿಂದ ಬರುತ್ತದೆ? ಮೊದಲ ಕಾರಣ ನಮ್ಮ ಪಂಚಾಂಗ. ಪಿಯು ಪರೀಕ್ಷೆ ಮಾರ್ಚಿನಲ್ಲಿ ಮುಗಿಯುತ್ತದೆ. 2025ರಲ್ಲಿ ಸಿಇಟಿಯ ಮುಖ್ಯ ಪರೀಕ್ಷೆಗಳು ಏಪ್ರಿಲ್ 16 ಮತ್ತು 17ರಂದು ನಡೆದವು, ಫಲಿತಾಂಶ ಮೇ 24ಕ್ಕೆ ಬಂತು, ಸೀಟು ಹಂಚಿಕೆ ಆಗಸ್ಟ್‌ನಲ್ಲೂ ನಡೆದೇ ಇತ್ತು. ಅಂದರೆ ಮನೆಯಲ್ಲಿ ನಾಲ್ಕು ತಿಂಗಳಿಗೂ ಮೀರಿದ ಅನಿಶ್ಚಿತತೆ. ಪಕ್ಕದ ಮನೆಯ ಹುಡುಗಿಯ ಸೀಟು ಏಪ್ರಿಲ್‌ನಲ್ಲೇ 'ಫಿಕ್ಸ್' ಆಗಿದೆ, ಮದುವೆ ಮನೆಗೆ ಹೋದರೆ "ನಿಮ್ಮ ಹುಡುಗಂದು ಎಲ್ಲಿ ಆತು?" ಎಂದು ಕೇಳದವರಿಲ್ಲ. ಇಷ್ಟು ದಿನ 'ಇನ್ನೂ ಗೊತ್ತಿಲ್ಲ' ಎನ್ನುತ್ತ ಕೂರುವುದು ಯಾವ ತಂದೆ-ತಾಯಿಗೂ ಕಷ್ಟವೇ. ಅಡ್ವಾನ್ಸ್ ಕಟ್ಟಿದ ದಿನ ಸೀಟಿನ ಜೊತೆಗೆ ನಿದ್ದೆಯೂ ಸಿಗುತ್ತದೆ. ಬಹಳ ಪಾಲಕರು ನಿಜವಾಗಿ ಕೊಂಡುಕೊಳ್ಳುವುದು ಆ ನಿದ್ದೆಯನ್ನು.

ಎರಡನೆಯದು ಮನಸ್ಸಿನ ಸ್ವಭಾವ. ಮನಃಶಾಸ್ತ್ರದಲ್ಲಿ ಇದಕ್ಕೆ ನಷ್ಟಭೀತಿ ಎನ್ನುತ್ತಾರೆ: ಅಷ್ಟೇ ಬೆಲೆಯ ವಸ್ತು ಸಿಕ್ಕಾಗ ಆಗುವ ಸಂತೋಷಕ್ಕಿಂತ ಅದು ಕೈತಪ್ಪಿದಾಗಿನ ಸಂಕಟ ಹೆಚ್ಚು. ಸೀಟು ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರ ಮಾತಿನಲ್ಲಿ 'ಸಿಗುತ್ತದೆ' ಎನ್ನುವುದಕ್ಕಿಂತ 'ಹೋಗುತ್ತದೆ' ಎನ್ನುವುದೇ ಹೆಚ್ಚು ಸಲ ಬರುತ್ತದೆ. ಒಮ್ಮೆ ಐವತ್ತು ಸಾವಿರ ಕಟ್ಟಿದ ಮೇಲೆ ಆ ಐವತ್ತು ಸಾವಿರವೇ ಮುಂದಿನ ನಿರ್ಧಾರ ಮಾಡತೊಡಗುತ್ತದೆ. ಜುಲೈನಲ್ಲಿ ಸರ್ಕಾರಿ ಕೋಟಾದ ಒಳ್ಳೆಯ ಸೀಟು ಬಂದರೂ "ಅಷ್ಟು ರೊಕ್ಕ ನೀರಾಗ ಹಾಕೂದಾ?" ಎನ್ನುವ ಲೆಕ್ಕದಲ್ಲಿ ಮನೆಯವರು ಇನ್ನೂ ಹತ್ತು ಲಕ್ಷ ಕಟ್ಟುವ ದಾರಿ ಹಿಡಿಯುತ್ತಾರೆ.

ಮೂರನೆಯ ಕಾರಣ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ನಮ್ಮ ಮನೆಗಳಲ್ಲಿ ಮಕ್ಕಳ ಎದುರು ಹಣದ ಮಾತಾಡುವುದಿಲ್ಲ. "ನೀ ರೊಕ್ಕದ ಚಿಂತಿ ಮಾಡಬ್ಯಾಡ, ಓದೂದಷ್ಟ ನೋಡು" ಎಂದು ತಂದೆ ಹೇಳುತ್ತಾರೆ. ಅದರ ಹಿಂದಿನ ಪ್ರೀತಿಯನ್ನು ಯಾರೂ ಅನುಮಾನಿಸಲಾರರು. ತಾವು ಪಟ್ಟ ಕಷ್ಟ ಮಕ್ಕಳಿಗೆ ಬಾರದಿರಲಿ ಎನ್ನುವ ತಲೆಮಾರಿನ ಮಾತು ಅದು. ಆದರೆ ಮಗುವಿಗೆ ಅದು ಎರಡರಲ್ಲಿ ಒಂದು ಬಗೆಯಾಗಿ ಕೇಳಿಸುತ್ತದೆ. ಕೆಲವರು ಅದನ್ನು ಅಕ್ಷರಶಃ ನಂಬಿ, ಗೆಳೆಯರು ಹೋಗುವ ಕಾಲೇಜನ್ನೇ ಹಟ ಹಿಡಿಯುತ್ತಾರೆ; ಅವರ ಹಟಕ್ಕೆ ಕಾರಣ ಅಹಂಕಾರ ಎನ್ನುವುದಕ್ಕಿಂತ ಮಾಹಿತಿಯ ಕೊರತೆ ಎನ್ನುವುದೇ ಸರಿ. ಇನ್ನು ಕೆಲವರು ಅದನ್ನು ನಂಬುವುದೇ ಇಲ್ಲ. ಅಮ್ಮನ ಬಳೆ ಕಾಣದಿದ್ದುದು, ಅಪ್ಪ ಸೊಸೈಟಿ ಸಾಲದ ಬಗ್ಗೆ ಫೋನಿನಲ್ಲಿ ದನಿ ತಗ್ಗಿಸಿ ಮಾತಾಡಿದ್ದು ಅವರಿಗೆ ಗೊತ್ತಿರುತ್ತದೆ. ಇಂಥ ಮಗು ತನಗೆ ಬೇಕಾದುದನ್ನು ಬಾಯಿ ಬಿಟ್ಟು ಹೇಳದು; 'ಎಲ್ಲಾದರೂ ಸರಿ' ಎನ್ನುತ್ತದೆ. ಆ ಮಾತನ್ನು ನಾವು ಉದಾಸೀನ ಎಂದು ತಿಳಿದು ಬೈಯುತ್ತೇವೆ. ಎರಡೂ ಕಡೆ ಲೆಕ್ಕ ಮಾತ್ರ ಮುಚ್ಚಿಯೇ ಇರುತ್ತದೆ. ಲೆಕ್ಕ ಮುಚ್ಚಿದ್ದಾಗ ಅವಸರ ಸುಲಭವಾಗಿ ಒಳಗೆ ನುಗ್ಗುತ್ತದೆ.

ಇದು ನಮ್ಮೂರಿನ ತೊಂದರೆ ಮಾತ್ರವಲ್ಲ. ಅಮೆರಿಕದ ಹಲವು ಕಾಲೇಜುಗಳಲ್ಲಿ 'ಅರ್ಲಿ ಡಿಸಿಷನ್' ಎಂಬ ಪದ್ಧತಿ ಇದೆ. ವಿದ್ಯಾರ್ಥಿ ನವೆಂಬರ್ 1 ಅಥವಾ 15ರ ಹೊತ್ತಿಗೆ ಒಂದೇ ಒಂದು ಕಾಲೇಜಿಗೆ ಹೀಗೆ ಅರ್ಜಿ ಹಾಕುತ್ತಾನೆ. ಸೀಟು ಕೊಟ್ಟರೆ ಖಂಡಿತ ಬರುತ್ತೇನೆ, ಉಳಿದ ಅರ್ಜಿಗಳನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ವಿದ್ಯಾರ್ಥಿ, ಪಾಲಕರು, ಶಾಲೆಯ ಸಲಹೆಗಾರರು ಮೂವರೂ ಸಹಿ ಹಾಕುತ್ತಾರೆ. ಡಿಸೆಂಬರ್ ಮಧ್ಯಕ್ಕೆ ಉತ್ತರ ಬರುತ್ತದೆ. ಮಾಮೂಲಿ ದಾರಿಯಲ್ಲಿ ಬಂದವರಿಗೆ ಮಾರ್ಚ್ ಕೊನೆಗೆ ಫಲಿತಾಂಶ, ತೀರ್ಮಾನಕ್ಕೆ ಮೇ 1ರವರೆಗೆ ಸಮಯ. ಅಷ್ಟರಲ್ಲಿ ನಾಲ್ಕು ಕಾಲೇಜುಗಳ ನೆರವಿನ ಪತ್ರಗಳನ್ನು ಮೇಜಿನ ಮೇಲಿಟ್ಟು ಹೋಲಿಸಬಹುದು. ಅರ್ಲಿ ಡಿಸಿಷನ್‌ನಲ್ಲಿ ಈ ಹೋಲಿಕೆಯ ಅವಕಾಶವೇ ಇಲ್ಲ. ಅದಕ್ಕೇ ಅದು ಹಣವಂತರಿಗೆ ಅನುಕೂಲದ ಪದ್ಧತಿ ಎಂಬ ಟೀಕೆ ಅಲ್ಲಿಯೇ ಬಹುಕಾಲದಿಂದ ಇದೆ.

ಆದರೂ ಅಲ್ಲಿ ಒಂದು ಬಾಗಿಲು ಇಟ್ಟಿದ್ದಾರೆ. ಕೊಟ್ಟ ನೆರವಿನಲ್ಲಿ ಓದು ಸಾಧ್ಯವಿಲ್ಲ ಎಂದು ಕುಟುಂಬ ತೋರಿಸಿದರೆ ಆ ಕರಾರಿನಿಂದ ಬಿಡುಗಡೆ ಪಡೆಯಬಹುದು. ನಮ್ಮಲ್ಲಿ ಮಾರ್ಚಿನಲ್ಲಿ ಅಡ್ವಾನ್ಸ್ ಕಟ್ಟುವಾಗ ಅಂಥ ಬಾಗಿಲು ಎಲ್ಲಿದೆ ಎಂದು ಎಷ್ಟು ಜನ ಕೇಳುತ್ತಾರೆ?

ಮಗ ಅಥವಾ ಮಗಳು ಪದವಿಗೇ ಅಮೆರಿಕಕ್ಕೆ ಹೋಗಬೇಕೆನ್ನುವ ಮನೆಗಳು ಈಗ ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಧಾರವಾಡದ ಸಪ್ತಾಪುರದಲ್ಲೂ ಇವೆ. ಅವರಿಗಾಗಿ ಎರಡು ಮಾತು. ಅಲ್ಲಿನ ಬಹುಪಾಲು ಕಾಲೇಜುಗಳು ಹೊರದೇಶದ ವಿದ್ಯಾರ್ಥಿ ನೆರವು ಕೇಳಿದ್ದಾನೆಯೇ ಎಂಬುದನ್ನು ಪ್ರವೇಶ ನಿರ್ಧರಿಸುವಾಗಲೇ ಗಣನೆಗೆ ತೆಗೆದುಕೊಳ್ಳುತ್ತವೆ. ಗಣನೆಗೆ ತೆಗೆದುಕೊಳ್ಳದ ಸಂಸ್ಥೆಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್ ಮುಂತಾದವು. ಇವುಗಳಲ್ಲಿ ಮೊದಲ ನಾಲ್ಕರಲ್ಲಿ ಕಟ್ಟುಬೀಳುವ ಅರ್ಲಿ ಡಿಸಿಷನ್ ಇಲ್ಲ. ಬೇಗ ಅರ್ಜಿ ಹಾಕಬಹುದು, ಹೋಗಲೇಬೇಕೆಂಬ ಕರಾರು ಇಲ್ಲ. ಇನ್ನೊಂದು ಮಾತು: ನೆರವು ಕೇಳಿದರೆ ಸೀಟು ತಪ್ಪೀತು ಎಂದು ಅರ್ಜಿಯಲ್ಲಿ 'ನೆರವು ಬೇಡ' ಎಂದು ಬರೆದು, ಒಳಗೆ ಹೋದ ಮೇಲೆ ಕೇಳಿದರಾಯಿತು ಎನ್ನುವ ಉಪಾಯ ಕೆಲಸ ಮಾಡುವುದಿಲ್ಲ. ಮೊದಲು ಕೇಳದ ಹೊರದೇಶದ ವಿದ್ಯಾರ್ಥಿಗೆ ಮುಂದೆ ನಾಲ್ಕು ವರ್ಷವೂ ನೆರವಿಲ್ಲ ಎಂಬ ನಿಯಮ ಹಲವು ಕಾಲೇಜುಗಳಲ್ಲಿದೆ. ವೀಸಾಕ್ಕೆ ಬೇಕಾದ ದಾಖಲೆ ಕೊಡುವ ಮೊದಲೇ ಕಾಲೇಜು ಮೊದಲ ವರ್ಷದ ಹಣ ಎಲ್ಲಿದೆ ಎಂದು ತೋರಿಸಲು ಹೇಳುತ್ತದೆ.

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಅವಸರಕ್ಕೆ ತೆರುವ ನಿಜವಾದ ಬೆಲೆ ಆ ಅಡ್ವಾನ್ಸ್ ಹಣಕ್ಕಿಂತ ದೊಡ್ಡದು. ಬಹುತೇಕ ನೆರವು ಸೀಟಿನ ಜೊತೆ ಅಂಟಿಕೊಂಡು ಬರುತ್ತದೆ, ವಿದ್ಯಾರ್ಥಿಯ ಜೊತೆ ಅಲ್ಲ. ಇದು ಪಾಲಕರಿಗೆ ತಡವಾಗಿ ತಿಳಿಯುತ್ತದೆ. ಎಂಜಿನಿಯರಿಂಗ್ ಪ್ರವೇಶದಲ್ಲಿ ಎಸ್‌ಎನ್‌ಕ್ಯೂ ಎಂಬ ಕೋಟಾ ಇದೆ. ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟುಗಳು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಒಳಗಿದ್ದು ಅರ್ಹತೆಯಿಂದ ಆ ಸೀಟು ಪಡೆದವರಿಗೆ ಬೋಧನಾ ಶುಲ್ಕ ಇಲ್ಲ. ಈ ಸೀಟು ಸಿಗುವುದು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಂಚಿಕೆಯಲ್ಲಿ ಮಾತ್ರ. ಏಪ್ರಿಲ್‌ನಲ್ಲೇ ಮ್ಯಾನೇಜ್‌ಮೆಂಟ್ ಸೀಟಿಗೆ ಕೈ ಹಾಕಿ ಆಪ್ಷನ್ ಎಂಟ್ರಿಯನ್ನೇ (ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯನ್ನು ಪ್ರಾಧಿಕಾರಕ್ಕೆ ಕೊಡುವುದನ್ನೇ) ಬಿಟ್ಟ ಮನೆಗೆ ಈ ಬಾಗಿಲು ಮುಚ್ಚಿದಂತೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗೆ ಬರುವ ಶುಲ್ಕ ವಿನಾಯಿತಿಯೂ ಮುಖ್ಯವಾಗಿ ಸರ್ಕಾರಿ ಕೋಟಾದ ಸೀಟನ್ನೇ ನೆಚ್ಚಿಕೊಂಡಿದೆ. ಐಐಟಿಗಳಲ್ಲಿ, ಅಂದರೆ ನಮ್ಮ ಧಾರವಾಡದ ಐಐಟಿಯಲ್ಲೂ, ಪರಿಶಿಷ್ಟ ಜಾತಿ, ಪಂಗಡದ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬಿ.ಟೆಕ್. ಬೋಧನಾ ಶುಲ್ಕ ಪೂರ್ತಿ ಮಾಫಿ. ಉಳಿದವರಲ್ಲಿ ಕುಟುಂಬದ ಆದಾಯ ವರ್ಷಕ್ಕೆ 1 ಲಕ್ಷದ ಒಳಗಿದ್ದರೆ ಪೂರ್ತಿ, 1ರಿಂದ 5 ಲಕ್ಷದ ನಡುವೆ ಇದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಗುರುತಿಸಿದ ಸಂಸ್ಥೆಗಳಿಗೆ ಅರ್ಹತೆಯಿಂದ ಸೇರಿದವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದ ಸಾಲ ಇದೆ. 8 ಲಕ್ಷದ ಒಳಗಿನ ಆದಾಯದ ಮನೆಗೆ, ಬೇರೆ ಸರ್ಕಾರಿ ನೆರವು ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ. 3ರ ಬಡ್ಡಿ ಸಹಾಯಧನವೂ ಇದೆ. ನೀವು ಯೋಚಿಸುತ್ತಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಅಡ್ವಾನ್ಸ್ ಕಟ್ಟುವ ಮೊದಲು ನೋಡಬೇಕು. ಕಟ್ಟಿದ ಮೇಲೆ ನೋಡಿ ಪ್ರಯೋಜನ ಕಡಿಮೆ.

ನೆರವು ಕೇಳುವುದು ಮರ್ಯಾದೆಗೆ ಕುಂದು ಎನ್ನುವ ಭಾವನೆಯೂ ಅವಸರದ ಹಿಂದೆ ಇರುತ್ತದೆ. ಆದಾಯ ಪ್ರಮಾಣಪತ್ರ ಹಿಡಿದು ಸಾಲಿನಲ್ಲಿ ನಿಲ್ಲುವುದಕ್ಕಿಂತ ಪ್ಲಾಟು ಮಾರಿದರೂ ಸರಿ ಎನ್ನುವವರನ್ನು ಕಂಡಿದ್ದೇನೆ. ಧಾರವಾಡದಲ್ಲಿ ಕೂತು ಹಾಗೆ ಹೇಳುವುದು ಸ್ವಲ್ಪ ವಿಚಿತ್ರ. ವಾರಾನ್ನ ಉಂಡು ಓದಿದವರು, ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಚಿತವಾಗಿ ಉಂಡು ಕರ್ನಾಟಕ ಕಾಲೇಜಿಗೆ ನಡೆದು ಹೋದವರು ಕಟ್ಟಿದ ಊರು ಇದು. ಅವರಲ್ಲಿ ಎಷ್ಟೋ ಜನ ಮುಂದೆ ಅದೇ ಕಾಲೇಜಿನಲ್ಲಿ ಪಾಠ ಹೇಳಿದರು.

ಹಾಗಾದರೆ ಏನು ಮಾಡಬೇಕು? ಮೊದಲು ಮನೆಯಲ್ಲಿ ಒಂದು ಸಂಖ್ಯೆ ಬೇಕು. ಒಂದು ವರ್ಷದ ಶುಲ್ಕ ಸಾಲದು. ನಾಲ್ಕು ವರ್ಷದ ಒಟ್ಟು ವೆಚ್ಚ ಬೇಕು. ಶುಲ್ಕ, ಹಾಸ್ಟೆಲ್, ಮೆಸ್ಸು, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಊರಿಗೆ ಬಂದುಹೋಗುವ ಖರ್ಚು, ವರ್ಷ ವರ್ಷ ಏರುವ ದರ. ಇದೇ ಊರಿನಲ್ಲಿ ಮನೆಯಿಂದ ಓಡಾಡಿ ಓದಿದರೆ ಇದರಲ್ಲಿ ಎಷ್ಟು ಉಳಿಯುತ್ತದೆ ಎಂಬುದೂ ಪಕ್ಕದಲ್ಲಿರಲಿ. 1947ರಲ್ಲಿ ಶುರುವಾದ ಹುಬ್ಬಳ್ಳಿಯ ಬಿವಿಬಿ ಕಾಲೇಜು (ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ), 1979ರಿಂದ ಇರುವ ಧಾರವಾಡದ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು ಮನೆಯ ಬಾಗಿಲಿಗೇ ಇರುವಾಗ ಬೆಂಗಳೂರಿನ ಹೆಸರಿಲ್ಲದ ಕಾಲೇಜಿಗೆ ಹೆಚ್ಚು ಹಣ ಕೊಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಸಾಲದ ಲೆಕ್ಕವನ್ನೂ ಬಿಡಿಸಿ ನೋಡಬೇಕು. ವರ್ಷಕ್ಕೆ 2.5 ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ ಸಾಲ, ಬಡ್ಡಿ ಶೇ. 10 ಎಂದುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಸರಳ ಬಡ್ಡಿ ಹಿಡಿದರೂ ಆ ಐದು ವರ್ಷಕ್ಕೆ 3.5 ಲಕ್ಷ ಸೇರುತ್ತದೆ. ಕಂತು ಶುರುವಾಗುವ ದಿನ ಸಾಲ 13.5 ಲಕ್ಷ, ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ. ಓದುವಾಗಲೂ ಆಮೇಲಿನ ಆ ಒಂದು ವರ್ಷವೂ ಬಡ್ಡಿಯಷ್ಟನ್ನು ಕಟ್ಟುತ್ತ ಬಂದರೆ (ಮೊದಲ ವರ್ಷ ತಿಂಗಳಿಗೆ ಎರಡು ಸಾವಿರದ ಆಸುಪಾಸು, ನಾಲ್ಕನೆಯ ವರ್ಷ ಎಂಟು ಸಾವಿರ ಚಿಲ್ಲರೆ) ಕಂತು ಸುಮಾರು 13,200ಕ್ಕೆ ಇಳಿಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಇದನ್ನು ಕಟ್ಟಬಲ್ಲನೇ? ಈ ಪ್ರಶ್ನೆಯನ್ನು ಅವನೇ ಉತ್ತರಿಸಲಿ. ಸಾಲದ ಅರ್ಜಿಗೆ ಸಹಿ ಹಾಕುವವನೂ ಅವನೇ.

ಅದಕ್ಕಾಗಿಯೇ ಮಗುವನ್ನು ಲೆಕ್ಕದ ಮುಂದೆ ಕೂರಿಸಬೇಕು. ಮನೆಯ ಎಲ್ಲ ಕಷ್ಟವನ್ನೂ ಅದರ ತಲೆಗೆ ಕಟ್ಟಬೇಕೆಂದಿಲ್ಲ. ಸೋದರಮಾವನ ಜಗಳ, ಹಳೆಯ ಕೈಗಡ ಅದಕ್ಕೆ ಬೇಡ. "ವರ್ಷಕ್ಕೆ ಇಷ್ಟು ನಮ್ಮ ಕೈಲಿ ಆಗತದ. ಇದರ ಮ್ಯಾಲೆ ಆದದ್ದನ್ನ ಸ್ಕಾಲರ್‌ಶಿಪ್ಪೋ ಸಾಲನೋ ನೋಡಬೇಕು. ಇದರಾಗ ನಿನಗ ಯಾವುದು ಬೇಕು ಹೇಳು" ಎಂದರೆ ಸಾಕು. ಹದಿನೇಳು-ಹದಿನೆಂಟರ ಮಕ್ಕಳು ಮಿತಿ ಗೊತ್ತಿದ್ದಾಗ ನಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಯೋಚಿಸುತ್ತಾರೆ. ಈ ಮಾತು ಪರೀಕ್ಷೆಯ ಹಿಂದಿನ ವಾರ ಬೇಡ. ಸಾಧ್ಯವಾದರೆ ದೀಪಾವಳಿ ರಜೆಯಲ್ಲಿ, ತಪ್ಪಿದರೆ ಸಿಇಟಿ ಮುಗಿದ ಮೇಲೆ. ಇದನ್ನು ತಂದೆಯೊಬ್ಬರೇ ಹೇಳುವುದಕ್ಕಿಂತ ತಂದೆ-ತಾಯಿ ಇಬ್ಬರೂ ಕೂತು ಹೇಳುವುದು ಒಳ್ಳೆಯದು. ತಿಂಗಳ ಖರ್ಚಿನ ನಿಜವಾದ ಅಂದಾಜು ಸಾಮಾನ್ಯವಾಗಿ ತಾಯಿಗೆ ಇರುತ್ತದೆ.

ಆಪ್ಷನ್ ಎಂಟ್ರಿಯ ಹೊತ್ತಿಗೆ ಈ ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಗಾಬರಿ ಕಡಿಮೆ. ಸೀಟು ಹಂಚಿಕೆಯಾದ ಮೇಲೂ ಪ್ರಾಧಿಕಾರ ಕೆಲವು ದಾರಿ ಕೊಡುತ್ತದೆ: ಸಿಕ್ಕಿದ್ದನ್ನು ಒಪ್ಪಿ ಸೇರುವುದು, ಸಿಕ್ಕಿದ್ದನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರನಡೆಯುವುದು. ನೆರವು ಬೇಕಾದ ಮನೆಗೆ ಎರಡನೆಯದು ಬಹಳ ಸಲ ಹಿತಕರ, ಏಕೆಂದರೆ ಕೈಯಲ್ಲಿರುವುದು ಕೈಯಲ್ಲೇ ಇರುತ್ತದೆ. ಆ ವರ್ಷದ ಸೂಚನೆಯಲ್ಲಿ ಶುಲ್ಕ ಯಾವಾಗ ಕಟ್ಟಬೇಕು, ರದ್ದು ಮಾಡಿದರೆ ಎಷ್ಟು ಕಳೆದುಕೊಳ್ಳುತ್ತೀರಿ ಎಂಬುದನ್ನು ಮಾತ್ರ ಓದಿಕೊಂಡಿರಬೇಕು. ಲಾಗಿನ್ ಮತ್ತು ಪಾಸ್‌ವರ್ಡ್ ಯಾವ ಏಜೆಂಟರ ಕೈಗೂ ಹೋಗಬಾರದು. ಬೇರೆಯವರ ಲಾಗಿನ್ ಬಳಸಿ ಎಂಜಿನಿಯರಿಂಗ್ ಸೀಟು ತಡೆಹಿಡಿದ ಪ್ರಕರಣ 2024ರ ಕೊನೆಯಲ್ಲಿ ಪೊಲೀಸ್ ತನಿಖೆಗೇ ಬಂತು.

ಇಷ್ಟಾದರೂ ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲೇ ಸೀಟು ಹಿಡಿಯುವುದು ಸರಿಯಾದ ನಿರ್ಧಾರವಾಗುವ ಸಂದರ್ಭಗಳಿವೆ. ಮಗುವಿಗೆ ಬೇಕಾದ ಕೋರ್ಸು ಬೇರೆಡೆ ಇಲ್ಲದಿರಬಹುದು. ನೆರವಿನ ಮೊತ್ತ ಪ್ರವೇಶ ಪತ್ರದ ಜೊತೆಗೇ ಬರೆದು ಬಂದಿರಬಹುದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಕುಟುಂಬದ ಆದಾಯ ನೋಡಿಯೇ ಶುಲ್ಕದಲ್ಲಿ ನೆರವು ನಿಗದಿ ಮಾಡುತ್ತಾರೆ. ಅಂಥಲ್ಲಿ ಕೇಳಬೇಕಾದ್ದನ್ನು ಬರಹದಲ್ಲಿ ಕೇಳಿ: ಈ ರಿಯಾಯಿತಿ ಮೊದಲ ವರ್ಷಕ್ಕೆ ಮಾತ್ರವೋ ನಾಲ್ಕೂ ವರ್ಷಕ್ಕೋ? ಉಳಿಸಿಕೊಳ್ಳಲು ಎಷ್ಟು ಅಂಕ ಬೇಕು? ಇಂತಿಷ್ಟು ದಿನದೊಳಗೆ ಬಿಟ್ಟರೆ ಎಷ್ಟು ಹಣ ವಾಪಸ್? ರಸೀದಿ ಇಲ್ಲದ ಹಣ ಕೊಡಬೇಡಿ. ಕರ್ನಾಟಕದಲ್ಲಿ ಡೊನೇಷನ್ ನಿಷೇಧಿಸುವ ಕಾನೂನು 1984ರಿಂದ ಇದೆ. ಮೂಲ ಅಂಕಪಟ್ಟಿಗಳನ್ನು ಒಪ್ಪಿಸಿ ಬರಬೇಡಿ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಕಾಲೇಜು ಅವನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟವರಿಗೆ, ಗರಿಷ್ಠ 5,000 ರೂಪಾಯಿಯ ಸಣ್ಣ ಕಡಿತ ಬಿಟ್ಟು, ಶುಲ್ಕ ಪೂರ್ತಿ ವಾಪಸ್ ಬರಬೇಕೆಂದೂ ಅದರಲ್ಲಿದೆ. ಈ ಪ್ರಶ್ನೆಗಳಿಗೆ "ಆಮೇಲೆ ನೋಡೋಣ ಸರ್" ಎಂಬ ಉತ್ತರ ಬಂದರೆ ಎದ್ದು ಬರುವುದೇ ಸರಿ.

ಕೊನೆಯದಾಗಿ ಕಾಗದಪತ್ರ. ಅರ್ಹರಾದ ಮಕ್ಕಳು ನೆರವು ಕಳೆದುಕೊಳ್ಳುವುದು ಅಂಕ ಕಡಿಮೆಯಾಗಿ ಮಾತ್ರವಲ್ಲ, ಎಷ್ಟೋ ಸಲ ಕಾಗದ ಸರಿಯಿಲ್ಲದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ, ವಿದ್ಯಾರ್ಥಿಯ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಬಗೆಯ ಹೆಸರು ಇದ್ದರೆ ಅದನ್ನು ಸರಿಪಡಿಸಲು ವಾರಗಳೇ ಹಿಡಿಯುತ್ತವೆ. ಇವೆಲ್ಲ ನಿಮ್ಮ ಮನೆಯ ಫೈಲಿನಲ್ಲಿ ಇವೆಯೇ ಎಂದು ಈ ಭಾನುವಾರ ನೋಡಿ. ಇಲ್ಲದಿದ್ದರೆ ಸೋಮವಾರ ನಾಡಕಚೇರಿಗೆ ಹೋಗಿ ಬನ್ನಿ, ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ.